ಶುಗರ್ ಇದ್ದವರಲ್ಲಿ ಥೈರಾಯ್ಡ್: ಗೊತ್ತಾಗದೆ ಉಳಿಯುವ ಎರಡನೇ ಕಾಯಿಲೆ

ಮನೆಯಲ್ಲಿ ಶುಗರ್ ಇರುವ ಉಮ್ಮನಿಗೆ ಸುಸ್ತು ಹೆಚ್ಚಾದರೆ ಮನೆಯವರೆಲ್ಲ ಹೇಳುವುದು ಒಂದೇ ಮಾತು: 'ಶುಗರ್ ಏರಿರಬೇಕು.' ಕೈ ಜೋಮು ಹಿಡಿದರೂ ಶುಗರ್, ಮಲಬದ್ಧತೆಯಾದರೂ ಶುಗರ್, ತೂಕ ಏರಿದರೂ ಶುಗರ್. ಹೆಚ್ಚಿನ ಸಲ ಈ ಊಹೆ ಸರಿಯೇ ಇರಬಹುದು. ಆದರೆ ಇದೇ ಲಕ್ಷಣಗಳು ಥೈರಾಯ್ಡ್ ಗ್ರಂಥಿ ನಿಧಾನವಾದಾಗಲೂ ಕಾಣಿಸುತ್ತವೆ. ಎಲ್ಲವನ್ನೂ ಶುಗರ್ ಲೆಕ್ಕಕ್ಕೆ ಹಾಕುವ ಮನೆಗಳಲ್ಲಿ ಥೈರಾಯ್ಡ್ ತೊಂದರೆ ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ. ಅದನ್ನು ಪತ್ತೆ ಹಚ್ಚಲು ಬೇಕಿರುವುದು ಒಂದು ರಕ್ತ ಪರೀಕ್ಷೆ ಮಾತ್ರ.

ಮಂಗಳೂರು, ಉಳ್ಳಾಲ, ಬಂಟ್ವಾಳದ ಮನೆಗಳಿಗೆ ಈ ಮಾತು ಎಷ್ಟು ಸಲ್ಲುತ್ತದೋ, ಆಂಧ್ರದ ಗಡಿಯಲ್ಲಿರುವ ಗೋರಂಟ್ಲ, ಹಿಂದೂಪುರ, ಕಲ್ಯಾಣದುರ್ಗ ಕಡೆಯ ಕನ್ನಡ ಮನೆಗಳಿಗೂ ಅಷ್ಟೇ ಸಲ್ಲುತ್ತದೆ. ತಜ್ಞ ವೈದ್ಯರು ದೂರದ ನಗರದಲ್ಲಿರುವ ಇಂಥ ಸಣ್ಣ ಊರುಗಳಲ್ಲಿ, ಏನು ಕೇಳಬೇಕು ಎಂಬುದು ಮನೆಯವರಿಗೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಥೈರಾಯ್ಡ್ ಮಾಡುವ ಕೆಲಸ ಏನು?

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಗಂಟಿನ ಕೆಳಗೆ ಚಿಟ್ಟೆಯ ಆಕಾರದಲ್ಲಿರುವ ಸಣ್ಣ ಗ್ರಂಥಿ. ಆಹಾರದಲ್ಲಿರುವ ಅಯೋಡಿನ್ ಬಳಸಿ ಅದು ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನು ತಯಾರಿಸುತ್ತದೆ. ದೇಹದ ಪ್ರತಿಯೊಂದು ಅಂಗ ಎಷ್ಟು ವೇಗದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಈ ಹಾರ್ಮೋನುಗಳು ನಿರ್ಧರಿಸುತ್ತವೆ. ಹೃದಯ ಬಡಿತ, ಕರುಳಿನ ಚಲನೆ, ಮೈಯ ಬಿಸಿ, ಕೊಬ್ಬು ಕರಗುವ ವೇಗ ಎಲ್ಲವೂ ಇದರ ಹಿಡಿತದಲ್ಲಿವೆ.

ಈ ಗ್ರಂಥಿಗೆ ಆದೇಶ ಕೊಡುವುದು ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಟಿಎಸ್‌ಎಚ್ ಎಂಬ ಹಾರ್ಮೋನು ಕಳುಹಿಸುತ್ತದೆ. ಥೈರಾಯ್ಡ್ ಸೋಮಾರಿಯಾದರೆ ಪಿಟ್ಯುಟರಿ ಹೆಚ್ಚು ಟಿಎಸ್‌ಎಚ್ ಕಳುಹಿಸುತ್ತದೆ. ಥೈರಾಯ್ಡ್ ಅತಿಯಾಗಿ ಓಡಿದರೆ ಟಿಎಸ್‌ಎಚ್ ತಗ್ಗುತ್ತದೆ. ಹಾಗಾಗಿ ವರದಿಯಲ್ಲಿ ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಡಿಮೆ ಎಂದೂ, ಟಿಎಸ್‌ಎಚ್ ತೀರಾ ಕಡಿಮೆ ಇದ್ದರೆ ಥೈರಾಯ್ಡ್ ಜಾಸ್ತಿ ಎಂದೂ ಸಾಮಾನ್ಯವಾಗಿ ಅರ್ಥ. ಈ ತಿರುಗುಮುರುಗು ಲೆಕ್ಕ ಹಲವರನ್ನು ಗೊಂದಲಕ್ಕೆ ಕೆಡವುತ್ತದೆ.

ಗ್ರಂಥಿ ನಿಧಾನವಾಗುವುದಕ್ಕೆ ಹೈಪೋ ಥೈರಾಯ್ಡ್ ಎನ್ನುತ್ತಾರೆ, ಅತಿಯಾಗುವುದಕ್ಕೆ ಹೈಪರ್ ಥೈರಾಯ್ಡ್. ಇಲ್ಲಿ ಇನ್ನೊಂದು ಗೊಂದಲವೂ ಇದೆ. ರಕ್ತದಲ್ಲಿ ಸಕ್ಕರೆ ದಿಢೀರ್ ಇಳಿಯುವುದನ್ನೂ ಶುಗರ್ ರೋಗಿಗಳು 'ಹೈಪೋ ಆಯಿತು' ಎಂದೇ ಹೇಳುತ್ತಾರೆ. ಎರಡೂ ಬೇರೆ ಬೇರೆ. ಡಾಕ್ಟರ ಹತ್ತಿರ ಹೇಳುವಾಗ 'ಶುಗರ್ ಲೋ ಆಯಿತು' ಅಥವಾ 'ಥೈರಾಯ್ಡ್ ಕಡಿಮೆ ಇದೆ' ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಎಷ್ಟು ಜನರಲ್ಲಿದೆ?

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇವರಲ್ಲಿ ಹೆಚ್ಚಿನವರದು ಟೈಪ್ 2.

ಥೈರಾಯ್ಡ್ ಬಗ್ಗೆ 2013ರಲ್ಲಿ ಪ್ರಕಟವಾದ ಎಂಟು ನಗರಗಳ ಸಮೀಕ್ಷೆಯೊಂದಿದೆ. ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈ, ಗೋವಾ ಸೇರಿದಂತೆ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದಾಗ ಸುಮಾರು ಶೇ. 11 ಮಂದಿಯಲ್ಲಿ ಹೈಪೋ ಥೈರಾಯ್ಡ್ ಕಂಡುಬಂತು. ಪರೀಕ್ಷಿಸಿದ ಒಟ್ಟು ಜನರಲ್ಲಿ ಶೇ. 3.5ರಷ್ಟು ಮಂದಿಗೆ ತಮಗೆ ಈ ತೊಂದರೆ ಇರುವುದೇ ಗೊತ್ತಿರಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಸುಮಾರು ಮೂರು ಪಟ್ಟು. ಸಮುದ್ರ ತೀರದ ನಗರಗಳಿಗಿಂತ ಒಳನಾಡಿನ ನಗರಗಳಲ್ಲಿ ಸ್ವಲ್ಪ ಹೆಚ್ಚು. ಮೀನು ತಿನ್ನುವ ಕರಾವಳಿಯವರಿಗೆ ಇದು ಬರುವುದೇ ಇಲ್ಲ ಎಂದು ಇದರರ್ಥವಲ್ಲ. ತೀರದ ನಗರಗಳಲ್ಲೂ ಹತ್ತರಲ್ಲಿ ಒಬ್ಬರ ಹತ್ತಿರಹತ್ತಿರ ಪ್ರಮಾಣವಿತ್ತು. ಗೋರಂಟ್ಲದಂತಹ ಒಳನಾಡಿನ ಊರಿನವರು ಸ್ವಲ್ಪ ಹೆಚ್ಚು ಎಚ್ಚರವಿರಬೇಕು ಅಷ್ಟೆ.

ಎರಡೂ ಇಷ್ಟು ಸಾಮಾನ್ಯ ಕಾಯಿಲೆಗಳಾದ್ದರಿಂದ ಒಬ್ಬರಲ್ಲೇ ಎರಡೂ ಇರುವುದು ಅಪರೂಪವೇನಲ್ಲ. ವಯಸ್ಸು, ತೂಕ ಮತ್ತು ವಂಶ ಎರಡರಲ್ಲೂ ಪಾತ್ರ ವಹಿಸುತ್ತವೆ. ಹಾಗೆಂದು ಶುಗರ್ ಬಂದ ಕಾರಣಕ್ಕೇ ಥೈರಾಯ್ಡ್ ಕೆಡುತ್ತದೆ ಎನ್ನುವಂತಿಲ್ಲ. ಟೈಪ್ 1 ಮಧುಮೇಹದಲ್ಲಿ ಮಾತ್ರ ನಂಟು ನೇರ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಗಳ ಮೇಲೆ ದಾಳಿ ಮಾಡುತ್ತದೆ. ಅದಕ್ಕಾಗಿಯೇ ಟೈಪ್ 1 ಇರುವ ಮಕ್ಕಳಿಗೆ ಕಾಯಿಲೆ ಗೊತ್ತಾದ ಕೂಡಲೇ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಥೈರಾಯ್ಡ್ ಕೆಟ್ಟರೆ ಶುಗರ್ ಏನಾಗುತ್ತದೆ?

ಥೈರಾಯ್ಡ್ ಅತಿಯಾದಾಗ ಕರುಳು ಸಕ್ಕರೆಯನ್ನು ಬೇಗ ಹೀರುತ್ತದೆ, ಯಕೃತ್ತು ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪರಿಣಾಮವಾಗಿ ಇಷ್ಟು ದಿನ ಹಿಡಿತದಲ್ಲಿದ್ದ ಶುಗರ್ ಕಾರಣವಿಲ್ಲದೆ ಏರತೊಡಗುತ್ತದೆ. ಊಟ ಸರಿ ಇದೆ, ಮಾತ್ರೆ ತಪ್ಪಿಲ್ಲ, ತೂಕ ಮಾತ್ರ ಇಳಿಯುತ್ತಿದೆ, ಎದೆ ಬಡಿದುಕೊಳ್ಳುತ್ತಿದೆ, ಕೈ ನಡುಗುತ್ತಿದೆ ಎಂದಾದರೆ ಥೈರಾಯ್ಡ್ ಕಡೆ ನೋಡಬೇಕು.

ಥೈರಾಯ್ಡ್ ನಿಧಾನವಾದಾಗ ನಡೆಯುವುದು ಬೇರೆ. ಇನ್ಸುಲಿನ್ ಮತ್ತು ಮಾತ್ರೆಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ಆಗಾಗ ಲೋ ಆಗಬಹುದು. ಆಮೇಲೆ ಥೈರಾಯ್ಡ್ ಮಾತ್ರೆ ಶುರುಮಾಡಿದಾಗ ಶುಗರ್ ಸ್ವಲ್ಪ ಏರಲೂಬಹುದು. ಆದ್ದರಿಂದ ಥೈರಾಯ್ಡ್ ಮಾತ್ರೆ ಆರಂಭಿಸಿದ ಮೊದಲ ಎರಡು ತಿಂಗಳು ಶುಗರನ್ನು ಹೆಚ್ಚು ಸಲ ನೋಡಿಕೊಳ್ಳಬೇಕು.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಥೈರಾಯ್ಡ್ ದಾರಿ ತಪ್ಪಿಸಬಹುದು. ಹೈಪೋ ಥೈರಾಯ್ಡ್‌ನಲ್ಲಿ ಕೆಂಪು ರಕ್ತಕಣಗಳು ಹೆಚ್ಚು ದಿನ ಬದುಕುವುದರಿಂದ ಈ ಅಂಕಿ ನಿಜಕ್ಕಿಂತ ಜಾಸ್ತಿ ಬರಬಹುದು. ಮನೆಯ ಗ್ಲೂಕೋಮೀಟರ್ ಒಂದು ಹೇಳಿ, ಎಚ್‌ಬಿಎ1ಸಿ ಇನ್ನೊಂದು ಹೇಳಿದರೆ ಥೈರಾಯ್ಡ್ ಮತ್ತು ರಕ್ತಹೀನತೆ ಎರಡನ್ನೂ ನೋಡುವುದು ಸರಿ.

ಕೊಲೆಸ್ಟ್ರಾಲ್ ಇನ್ನೊಂದು ಮುಖ್ಯ ಸುಳಿವು. ಹೈಪೋ ಥೈರಾಯ್ಡ್ ಇದ್ದರೆ ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಏರುತ್ತದೆ. ಶುಗರ್ ಇದ್ದವರಿಗೆ ಹೃದಯದ ಅಪಾಯ ಮೊದಲೇ ಹೆಚ್ಚು. ಅದರ ಮೇಲೆ ಇದೂ ಸೇರಿದರೆ ಭಾರ ದುಪ್ಪಟ್ಟು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಂಡು ಮಾಂಸಖಂಡ ನೋವು ಬರುವವರಲ್ಲಿ ಕೆಲವರಿಗೆ ಅಸಲಿ ಕಾರಣ ಪತ್ತೆಯಾಗದ ಥೈರಾಯ್ಡ್ ಆಗಿರುತ್ತದೆ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಕೂಡ ಹೈಪೋ ಥೈರಾಯ್ಡ್‌ನಲ್ಲಿ ಸ್ವಲ್ಪ ಏರಬಹುದು. ಚಿಕಿತ್ಸೆ ಕೊಟ್ಟರೆ ಅಷ್ಟು ಭಾಗ ಇಳಿಯುತ್ತದೆ.

ಎರಡು ಕಾಯಿಲೆ, ಒಂದೇ ಲಕ್ಷಣ

ಸುಸ್ತು, ಮಲಬದ್ಧತೆ, ಚರ್ಮ ಒಣಗುವುದು, ಕೂದಲು ಉದುರುವುದು, ಮರೆವು, ಮನಸ್ಸು ಕುಗ್ಗುವುದು, ಮುಖ ಊದಿದಂತಾಗುವುದು, ಚಳಿ ತಡೆಯಲಾಗದಿರುವುದು, ಮುಟ್ಟು ಏರುಪೇರಾಗುವುದು ಹೈಪೋ ಥೈರಾಯ್ಡ್‌ನ ಸಾಮಾನ್ಯ ಲಕ್ಷಣಗಳು. ಇವುಗಳಲ್ಲಿ ಅರ್ಧದಷ್ಟು ಶುಗರ್ ಇದ್ದವರಲ್ಲೂ ಇರುತ್ತವೆ.

ಕೈ ಜೋಮು ಹಿಡಿಯುವುದಕ್ಕೆ ಮೂರು ಕಾರಣ ಇರಬಹುದು. ಒಂದು, ಶುಗರ್‌ನಿಂದ ನರಗಳಿಗಾದ ಹಾನಿ. ಎರಡು, ಥೈರಾಯ್ಡ್‌ನಿಂದ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು. ಮೂರು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದು. ಮೂರಕ್ಕೂ ಚಿಕಿತ್ಸೆ ಬೇರೆ.

ಭುಜ ಹಿಡಿದುಕೊಳ್ಳುವ ತೊಂದರೆ, ಅಂದರೆ ಫ್ರೋಝನ್ ಶೋಲ್ಡರ್, ಶುಗರ್ ಇದ್ದವರಲ್ಲಿ ಹೆಚ್ಚು. ಥೈರಾಯ್ಡ್ ಇದ್ದವರಲ್ಲೂ ಹೆಚ್ಚು. ನಮಾಝಿನ ತಕ್ಬೀರ್‌ಗೆ ಕೈ ಎತ್ತಲು ನೋವು, ಹಿಂದಕ್ಕೆ ಕೈ ತಿರುಗಿಸಲಾಗದ ಸ್ಥಿತಿ ಬಂದಾಗ ಎಣ್ಣೆ ತಿಕ್ಕಿಸಿಕೊಂಡು ಕುಳಿತುಕೊಳ್ಳದೆ ಎರಡೂ ಪರೀಕ್ಷೆ ಮಾಡಿಸುವುದು ಲೇಸು.

ತೂಕದ ಬಗ್ಗೆ ಒಂದು ಮಾತು. ಥೈರಾಯ್ಡ್‌ನಿಂದ ತೂಕ ಏರುತ್ತದೆ ನಿಜ. ಆದರೆ ಸಾಮಾನ್ಯವಾಗಿ ಅದು ಕೆಲವೇ ಕೆ.ಜಿ., ಅದರಲ್ಲೂ ಹೆಚ್ಚಿನದು ದೇಹದಲ್ಲಿ ನಿಂತ ನೀರು ಮತ್ತು ಉಪ್ಪು. 20 ಕೆ.ಜಿ. ಏರಿದ್ದಕ್ಕೆಲ್ಲ ಥೈರಾಯ್ಡನ್ನೇ ದೂರಿದರೆ ಪ್ರಯೋಜನವಿಲ್ಲ. ತೂಕ ಇಳಿಸಲೆಂದು ಥೈರಾಯ್ಡ್ ಮಾತ್ರೆ ನುಂಗುವುದಂತೂ ಹೃದಯಕ್ಕೂ ಮೂಳೆಗೂ ಅಪಾಯ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ದೇಶದ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ಮತ್ತು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಉಚಿತವಾಗಿ ಮಾಡುವ ಕಾರ್ಯಕ್ರಮ ಇದೆ. ಆ ಪಟ್ಟಿಯಲ್ಲಿ ಥೈರಾಯ್ಡ್ ಇಲ್ಲ. ಟೈಪ್ 2 ಇರುವ ಎಲ್ಲರಿಗೂ ಪ್ರತಿವರ್ಷ ಥೈರಾಯ್ಡ್ ಪರೀಕ್ಷೆ ಕಡ್ಡಾಯ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್‌ನಂತಹ ಸಂಸ್ಥೆಗಳೂ ಹೇಳುವುದಿಲ್ಲ. ಹಾಗಾಗಿ ಕೇಳಿ ಮಾಡಿಸಿಕೊಳ್ಳದಿದ್ದರೆ ಅದು ಬಿಟ್ಟುಹೋಗುವ ಸಾಧ್ಯತೆಯೇ ಹೆಚ್ಚು.

ಶುಗರ್ ಇದ್ದು, ಕೆಳಗಿನ ಯಾವುದಾದರೂ ಒಂದು ಇದ್ದರೆ ವೈದ್ಯರಲ್ಲಿ ಟಿಎಸ್‌ಎಚ್ ಪರೀಕ್ಷೆ ಬಗ್ಗೆ ಕೇಳಬೇಕು:

- ಮೇಲೆ ಹೇಳಿದ ಲಕ್ಷಣಗಳು ತಿಂಗಳುಗಟ್ಟಲೆ ಉಳಿದಿದ್ದರೆ
- ಎಲ್‌ಡಿಎಲ್ ಕೊಲೆಸ್ಟ್ರಾಲ್ ಮಾತ್ರೆಗೂ ಬಗ್ಗದಿದ್ದರೆ
- ಕಾರಣವಿಲ್ಲದೆ ಶುಗರ್ ಏರುತ್ತಿದ್ದರೆ ಅಥವಾ ಪದೇಪದೇ ಲೋ ಆಗುತ್ತಿದ್ದರೆ
- ಕುತ್ತಿಗೆಯಲ್ಲಿ ಊತ ಅಥವಾ ಗಂಟು ಕಂಡರೆ
- ತಾಯಿ, ಅಕ್ಕತಂಗಿ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಥೈರಾಯ್ಡ್ ಇದ್ದರೆ
- ಹೃದಯ ಬಡಿತದ ಏರುಪೇರಿಗೆ ಅಮಿಯೋಡರೋನ್ ಅಥವಾ ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ
- ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗಾಗಿ ಯೋಚಿಸುತ್ತಿದ್ದರೆ

ಒಮ್ಮೆ ಮಾಡಿಸಿ ಸರಿ ಇದ್ದು, ಲಕ್ಷಣಗಳೂ ಇಲ್ಲದಿದ್ದರೆ ಪ್ರತಿ ಆರು ತಿಂಗಳಿಗೆ ಪುನಃ ಹಣ ಹಾಕುವ ಅಗತ್ಯ ಇಲ್ಲ.

ವರದಿ ನೋಡಿ ಗಾಬರಿ ಬೇಡ

ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಪ್ರತಿ ಲ್ಯಾಬ್‌ನ ಮಿತಿ ಸ್ವಲ್ಪ ಬೇರೆ ಇರುತ್ತದೆ, ಅದು ವರದಿಯ ಬದಿಯಲ್ಲೇ ಇರುತ್ತದೆ.

ಟಿಎಸ್‌ಎಚ್ ಏರಿ, ಟಿ4 ಕೂಡ ಇಳಿದಿದ್ದರೆ ಅದು ಸ್ಪಷ್ಟ ಹೈಪೋ ಥೈರಾಯ್ಡ್. ಮಾತ್ರೆ ಬೇಕೇ ಬೇಕು. ಟಿಎಸ್‌ಎಚ್ ಸ್ವಲ್ಪ ಏರಿ, ಟಿ4 ಸರಿ ಇದ್ದರೆ ಅದಕ್ಕೆ ಸಬ್‌ಕ್ಲಿನಿಕಲ್ ಎನ್ನುತ್ತಾರೆ. ಟಿಎಸ್‌ಎಚ್ 10 ದಾಟಿದ್ದರೆ ಹೆಚ್ಚಿನ ವೈದ್ಯರು ಮಾತ್ರೆ ಕೊಡುತ್ತಾರೆ. 4ರಿಂದ 10ರ ನಡುವೆ ಇದ್ದರೆ ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಿ, ವಯಸ್ಸು, ಲಕ್ಷಣ, ಹೃದಯದ ಸ್ಥಿತಿ ಗಮನಿಸಿ ತೀರ್ಮಾನಿಸುತ್ತಾರೆ. ಎರಡನೇ ಸಲ ನೋಡುವಾಗ ಅಂಕಿ ತಾನಾಗಿಯೇ ಸರಿಯಾಗಿರುವುದೂ ಉಂಟು.

ವಯಸ್ಸಾದವರಲ್ಲಿ ಅವಸರ ಇನ್ನೂ ಕಡಿಮೆ ಇರಬೇಕು. 65 ದಾಟಿದ, ಸಬ್‌ಕ್ಲಿನಿಕಲ್ ತೊಂದರೆ ಇದ್ದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಥೈರಾಯ್ಡ್ ಮಾತ್ರೆಯಿಂದ ಸುಸ್ತು ಮತ್ತಿತರ ಲಕ್ಷಣಗಳು ಕಡಿಮೆಯಾದದ್ದು ಕಾಣಲಿಲ್ಲ. ಹಾಗಾಗಿ 75ರ ಅಜ್ಜಿಗೆ ಟಿಎಸ್‌ಎಚ್ 6 ಬಂತೆಂದು ಜೀವನಪೂರ್ತಿ ಮಾತ್ರೆ ಶುರುಮಾಡುವ ಮೊದಲು ಎರಡು ಸಲ ಕೇಳಿಕೊಳ್ಳಬೇಕು.

ಪರೀಕ್ಷೆಯ ಸಮಯವೂ ಮುಖ್ಯ. ತೀವ್ರ ಜ್ವರ, ಸೋಂಕು, ತೀರಾ ಏರಿದ ಶುಗರ್‌ನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾಡಿದ ಥೈರಾಯ್ಡ್ ಪರೀಕ್ಷೆ ತಪ್ಪು ಚಿತ್ರ ಕೊಡಬಹುದು. ಗುಣವಾದ ಆರೆಂಟು ವಾರಗಳ ಬಳಿಕ ಪುನಃ ಮಾಡಿಸಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಅಂಕಿಗಳು ಕೆಡುತ್ತವೆ.

ಮಾತ್ರೆ ಸರಿ, ಕ್ರಮ ತಪ್ಪು

ಹೈಪೋ ಥೈರಾಯ್ಡ್‌ಗೆ ಕೊಡುವ ಔಷಧ ಲೆವೋಥೈರಾಕ್ಸಿನ್. ದೇಹ ತಯಾರಿಸುವ ಟಿ4 ಹಾರ್ಮೋನನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದರಿಂದ ಇದರ ಬೆಲೆಗೆ ಸರಕಾರದ ಮಿತಿ ಇದೆ.

ಈ ಚಿಕಿತ್ಸೆಗೆ ನೂರು ವರ್ಷ ದಾಟಿದ ಇತಿಹಾಸವಿದೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸ ಕೊಟ್ಟು ರೋಗಿಯನ್ನು ಗುಣಪಡಿಸಿದ್ದರು. ಈಗಲೂ ಆನ್‌ಲೈನ್‌ನಲ್ಲಿ 'ನ್ಯಾಚುರಲ್ ಥೈರಾಯ್ಡ್' ಎಂಬ ಹೆಸರಿನಲ್ಲಿ ಪ್ರಾಣಿಗಳ ಗ್ರಂಥಿಯ ಪುಡಿ ಮಾರಾಟಕ್ಕಿದೆ. ಅದು ಹೆಚ್ಚಾಗಿ ಹಂದಿಯ ಗ್ರಂಥಿಯಿಂದ ಮಾಡಿದ್ದು ಎಂಬುದು ಮುಸ್ಲಿಮ್ ಕುಟುಂಬಗಳಿಗೆ ಗೊತ್ತಿರಬೇಕು. ವೈದ್ಯರು ಬರೆಯುವ ಲೆವೋಥೈರಾಕ್ಸಿನ್‌ನಲ್ಲಿರುವ ಹಾರ್ಮೋನು ಪ್ರಾಣಿಯಿಂದ ತೆಗೆದದ್ದಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ನುಂಗಬೇಕು. ಚಹಾ, ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಅಂತರ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಶುಗರ್, ಬಿಪಿ, ಕ್ಯಾಲ್ಸಿಯಂ, ಥೈರಾಯ್ಡ್ ಎಲ್ಲ ಮಾತ್ರೆಯನ್ನೂ ಒಂದೇ ಮುಷ್ಟಿಯಲ್ಲಿ ಚಹಾದ ಜೊತೆ ನುಂಗುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಆಗ ಥೈರಾಯ್ಡ್ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಟಿಎಸ್‌ಎಚ್ ಇಳಿಯುವುದಿಲ್ಲ, ವೈದ್ಯರು ಡೋಸ್ ಏರಿಸುತ್ತಲೇ ಹೋಗುತ್ತಾರೆ.

ಡೋಸ್ ಬದಲಿಸಿದ ಮೇಲೆ 6ರಿಂದ 8 ವಾರ ಕಾಯದೆ ಪರೀಕ್ಷೆ ಮಾಡಿಸಿದರೆ ಅರ್ಥವಿಲ್ಲ. ಹೃದಯದ ತೊಂದರೆ ಇರುವವರಿಗೆ ತೀರಾ ಕಡಿಮೆ ಡೋಸ್‌ನಿಂದ ಶುರುಮಾಡುತ್ತಾರೆ. ಬೇಗ ಗುಣವಾಗಲೆಂದು ತಾವೇ ಹೆಚ್ಚಿಸಿಕೊಳ್ಳಬಾರದು. ಗಲ್ಫ್‌ನಿಂದ ರಜೆಗೆ ಬಂದವರು ಇಲ್ಲಿ ಬೇರೆ ಕಂಪೆನಿಯ ಮಾತ್ರೆಗೆ ಬದಲಾದರೆ ಆರು ವಾರದ ಬಳಿಕ ಒಮ್ಮೆ ಟಿಎಸ್‌ಎಚ್ ನೋಡಿಸುವುದು ಒಳ್ಳೆಯದು.

ಬಿಸಿ ಮತ್ತು ತೇವಕ್ಕೆ ಈ ಮಾತ್ರೆಯ ಶಕ್ತಿ ಕುಂದುತ್ತದೆ. ಗೋರಂಟ್ಲ ಕಡೆಯ ಸುಡು ಬೇಸಿಗೆಯಲ್ಲಿ ಶೀಟಿನ ಮನೆಯ ಕಿಟಕಿಯಲ್ಲಿ ಇಟ್ಟರೂ, ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟರೂ ಫಲ ಒಂದೇ. ಅಡುಗೆ ಒಲೆಯ ಪಕ್ಕದ ಕಪಾಟು ಇದಕ್ಕೆ ಜಾಗವಲ್ಲ. ಬಂದ ಬಾಟಲಿಯಲ್ಲೇ, ತಂಪಾದ ಒಣ ಜಾಗದಲ್ಲಿ ಇಡಬೇಕು.

ರಮಝಾನ್ ಉಪವಾಸದಲ್ಲಿ

ರಮಝಾನ್ ಬಂದಾಗ ಬೆಳಗ್ಗಿನ ಖಾಲಿ ಹೊಟ್ಟೆಯ ಮಾತ್ರೆ ಏನು ಮಾಡುವುದು ಎಂಬ ಪ್ರಶ್ನೆ ಪ್ರತಿವರ್ಷ ಏಳುತ್ತದೆ. ಕೆಲವರು ಇಡೀ ತಿಂಗಳು ಮಾತ್ರೆ ಬಿಟ್ಟುಬಿಡುತ್ತಾರೆ. ಲೆವೋಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕಾಗುವುದರಿಂದ ಒಂದು ದಿನ ತಪ್ಪಿದರೆ ಅನಾಹುತವಾಗುವುದಿಲ್ಲ. ಇಡೀ ತಿಂಗಳು ಬಿಟ್ಟರೆ ಮಾತ್ರ ಕಾಯಿಲೆ ಮರಳುತ್ತದೆ.

ಎರಡು ದಾರಿ ಸುಲಭ. ಒಂದು, ಸಹರಿಗೆ ಏಳುವಾಗ ಮೊದಲು ಮಾತ್ರೆ ನುಂಗಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಊಟ ಮಾಡುವುದು. ಎರಡು, ತರಾವೀಹ್ ಮುಗಿಸಿ ಬಂದು, ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ನುಂಗುವುದು. ಇಫ್ತಾರ್ ಬಳಿಕ ಮಲಗುವ ತನಕವೂ ಏನಾದರೂ ಬಾಯಿಗೆ ಹಾಕಿಕೊಳ್ಳುವವರಿಗೆ ಮೊದಲನೆಯದೇ ವಾಸಿ. ಯಾವುದಾದರೂ ಒಂದನ್ನು ಹಿಡಿದು ತಿಂಗಳಿಡೀ ಪಾಲಿಸಬೇಕು.

ಥೈರಾಯ್ಡ್ ಮಾತ್ರೆ ಉಪವಾಸಕ್ಕೆ ಅಡ್ಡಿಯಲ್ಲ. ಅಡ್ಡಿ ಬರುವುದಾದರೆ ಶುಗರ್‌ನಿಂದ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ರಮಝಾನಿಗೆ ಆರೆಂಟು ವಾರ ಮೊದಲೇ ವೈದ್ಯರನ್ನು ಕಂಡು ಡೋಸ್ ಹೊಂದಿಸಿಕೊಳ್ಳಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳಿಂದ ಮೂತ್ರ ಹೆಚ್ಚಾಗಿ ನೀರಿನಂಶ ಕಡಿಮೆಯಾಗುವ ಅಪಾಯ ಇದೆ. ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಬೆರಳು ಚುಚ್ಚಿ ಶುಗರ್ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ.

ಹೈಪರ್ ಥೈರಾಯ್ಡ್ ಇನ್ನೂ ಹಿಡಿತಕ್ಕೆ ಬಾರದವರು ಉಪವಾಸಕ್ಕೆ ಅವಸರಪಡಬಾರದು. ಎದೆ ಬಡಿತ, ಬೆವರು, ತೂಕ ಇಳಿಕೆ ಇರುವ ದೇಹಕ್ಕೆ ನೀರಿಲ್ಲದ ದಿನ ಕಷ್ಟ. ಇಂಥವರಿಗೆ ಇರುವ ರಿಯಾಯಿತಿಯ ಬಗ್ಗೆ ವೈದ್ಯರು ಮತ್ತು ಉಸ್ತಾದರು ಇಬ್ಬರಲ್ಲೂ ಕೇಳಿಕೊಳ್ಳಬಹುದು.

ಉಪ್ಪು, ಕೋಸು, ಕರಿಜೀರಿಗೆ

ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು ತಡೆಯಲು ಭಾರತ 1962ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ತಿನ್ನಲು ಮಾರುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕೆಂಬ ನಿಯಮ 2006ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಈಗ ಹೈಪೋ ಥೈರಾಯ್ಡ್‌ಗೆ ಹೆಚ್ಚಿನ ಕಾರಣ ಅಯೋಡಿನ್ ಕೊರತೆಗಿಂತ ದೇಹವೇ ಗ್ರಂಥಿಯ ಮೇಲೆ ಮಾಡುವ ದಾಳಿ. ಹಾಗಾಗಿ ಉಪ್ಪು ಹೆಚ್ಚು ತಿಂದರೆ ಥೈರಾಯ್ಡ್ ಗುಣವಾಗುವುದಿಲ್ಲ, ಬಿಪಿ ಏರುತ್ತದೆ ಅಷ್ಟೆ. ಅಯೋಡಿನ್ ಉಪ್ಪು ಬಿಟ್ಟು ಗುಲಾಬಿ ಬಣ್ಣದ ಕಲ್ಲುಪ್ಪಿಗೆ ಹೋಗುವುದೂ ಬೇಡ, ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ.

ಎಲೆಕೋಸು, ಹೂಕೋಸು, ಸೋಯಾ, ಮರಗೆಣಸು, ಕಡಲೆಕಾಯಿ ಮುಟ್ಟಲೇಬಾರದು ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ತಿರುಗುತ್ತವೆ. ಬೇಯಿಸಿದ ಕೋಸನ್ನು ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಥೈರಾಯ್ಡ್ ಕೆಡುವುದಿಲ್ಲ. ಶುಗರ್ ಇದ್ದವರಿಗೆ ಕೋಸು ಒಳ್ಳೆಯ ತರಕಾರಿ, ಅದನ್ನು ಬಿಡಿಸುವುದೇ ನಷ್ಟ. ಕಡಲೆಕಾಯಿ ಬೆಳೆಯುವ ಅನಂತಪುರ ಸೀಮೆಯವರೂ ಹಿಡಿ ಕಡಲೆಕಾಯಿಗೆ ಹೆದರಬೇಕಿಲ್ಲ. ಮರಗೆಣಸಿನ ವಿಷಯದಲ್ಲಿ ಥೈರಾಯ್ಡ್‌ಗಿಂತ ಶುಗರ್ ಏರುವುದೇ ಮೊದಲ ಚಿಂತೆ. ಮುದ್ದೆಯಾಗಲಿ, ಪತ್ತಿರಿಯಾಗಲಿ, ಕುಚ್ಚಲಕ್ಕಿ ಗಂಜಿಯಾಗಲಿ, ಎಷ್ಟು ತಿನ್ನುತ್ತಾರೆ ಎಂಬುದೇ ಲೆಕ್ಕ.

ಕರಿಜೀರಿಗೆ ಬಗ್ಗೆ ಸಮುದಾಯದಲ್ಲಿ ಗೌರವ ಇದೆ. ಆಹಾರದ ಭಾಗವಾಗಿ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ನಂಬಿ ಥೈರಾಯ್ಡ್ ಮಾತ್ರೆ ನಿಲ್ಲಿಸುವಷ್ಟು ಪುರಾವೆ ಇಲ್ಲ. ಅದು ಶುಗರನ್ನು ಸ್ವಲ್ಪ ಇಳಿಸಬಹುದಾದ್ದರಿಂದ, ಚಮಚಗಟ್ಟಲೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿರಬೇಕು.

ಹೊಸ ಶುಗರ್ ಔಷಧಗಳು

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಔಷಧಗಳು ಈಗ ಭಾರತದಲ್ಲೂ ಸಿಗುತ್ತವೆ. ತೂಕ ಇಳಿಸುವುದಕ್ಕೆ ಯುವಕರೂ ಇವುಗಳ ಬಗ್ಗೆ ವಿಚಾರಿಸುತ್ತಿದ್ದಾರೆ. ಮೆಡುಲರಿ ಎಂಬ ಅಪರೂಪದ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಕುಟುಂಬದಲ್ಲಿ ಯಾರಿಗಾದರೂ ಬಂದಿದ್ದರೆ ಇವನ್ನು ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆ ಔಷಧದ ಚೀಟಿಯಲ್ಲೇ ಇದೆ. ಸಾಮಾನ್ಯ ಹೈಪೋ ಥೈರಾಯ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಥೈರಾಯ್ಡ್‌ನಿಂದ ಕಣ್ಣು ಉಬ್ಬಿರುವವರು ಪಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆಯ ಬಗ್ಗೆ ವೈದ್ಯರಲ್ಲಿ ಕೇಳಬೇಕು. ಅದು ಕಣ್ಣಿನ ತೊಂದರೆಯನ್ನು ಹೆಚ್ಚಿಸಬಹುದು.

ಗರ್ಭಿಣಿಯರಿಗೆ

ಶುಗರ್ ಮತ್ತು ಥೈರಾಯ್ಡ್ ಎರಡೂ ಗರ್ಭದಲ್ಲಿರುವ ಮಗುವಿನ ಮೇಲೆ ಪರಿಣಾಮ ಬೀರುತ್ತವೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಬರಬೇಕು. ಮೊದಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ ಗರ್ಭ ನಿಂತ ಕೂಡಲೇ ಸಾಮಾನ್ಯವಾಗಿ ಶೇ. 25ರಿಂದ 30ರಷ್ಟು ಹೆಚ್ಚು ಡೋಸ್ ಬೇಕಾಗುತ್ತದೆ. ಗರ್ಭಿಣಿಯಾದ ಮೇಲೆ 'ಮಾತ್ರೆ ಬೇಡ, ಮಗುವಿಗೆ ತೊಂದರೆ' ಎಂದು ಮನೆಯಲ್ಲಿ ನಿಲ್ಲಿಸಿಬಿಡುವುದು ದೊಡ್ಡ ತಪ್ಪು. ಮುಟ್ಟು ತಪ್ಪಿದ ವಾರದಲ್ಲೇ ವೈದ್ಯರಿಗೆ ತಿಳಿಸಬೇಕು.

ಗೋರಂಟ್ಲದಂಥ ಗಡಿ ಊರಲ್ಲಿದ್ದರೆ

ಗೋರಂಟ್ಲ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು. ಈಗ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ತೆಲುಗು, ಕನ್ನಡ, ಉರ್ದು ಮೂರೂ ಕೇಳಿಬರುವ ಈ ಗಡಿ ಸೀಮೆಯವರಿಗೆ ಹಿಂದೂಪುರ ಹತ್ತಿರದ ದೊಡ್ಡ ಊರು, ದೊಡ್ಡ ಚಿಕಿತ್ಸೆಗೆ ಬೆಂಗಳೂರು. ಕರಾವಳಿಯಲ್ಲಿ ಸುಳ್ಯ, ಬೆಳ್ತಂಗಡಿಯವರು ಮಂಗಳೂರಿಗೆ ಹೋಗುವಂತೆಯೇ ಇದು.

ಹೀಗೆ ಎರಡು ಊರು, ಎರಡು ರಾಜ್ಯಗಳ ನಡುವೆ ಓಡಾಡುವವರ ಕಾಗದಗಳು ಚೆದುರಿಹೋಗುತ್ತವೆ. ಶುಗರ್ ಡಾಕ್ಟರ್ ಒಬ್ಬರು, ಥೈರಾಯ್ಡ್ ಮಾತ್ರೆ ಬರೆದವರು ಇನ್ನೊಬ್ಬರು, ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲ್‌ನಲ್ಲಿ ಇಡುವುದು, ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳುವುದು ಮನೆಯ ಹುಡುಗರು ಮಾಡಿಕೊಡಬಹುದಾದ ಕೆಲಸ. ಟಿಎಸ್‌ಎಚ್ ಹೋಲಿಸಬೇಕಾದರೆ ಪ್ರತಿಸಲ ಒಂದೇ ಲ್ಯಾಬ್‌ನಲ್ಲಿ, ಸಾಧ್ಯವಾದಷ್ಟು ಒಂದೇ ಹೊತ್ತಿನಲ್ಲಿ ಮಾಡಿಸುವುದು ಒಳ್ಳೆಯದು. ಪ್ರತಿ ಸಲ ತಜ್ಞರ ಬಳಿಗೆ ಹೋಗಬೇಕೆಂದಿಲ್ಲ. ಡೋಸ್ ಸ್ಥಿರವಾದ ಮೇಲೆ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿ ಮಾತ್ರೆ ಮುಂದುವರಿಸುವುದನ್ನು ಊರಿನ ವೈದ್ಯರೇ ಮಾಡಬಲ್ಲರು.

ತಡಮಾಡಬಾರದ ಹೊತ್ತು

ಹೈಪೋ ಥೈರಾಯ್ಡ್ ಇರುವ ವೃದ್ಧರು ಮಂಪರಿನಲ್ಲಿ ಮಾತು ತೊದಲಿದರೆ, ಮೈ ತಣ್ಣಗಾಗಿ ಉಸಿರು ನಿಧಾನವಾದರೆ ಮೊದಲು ಶುಗರ್ ನೋಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೈಪರ್ ಥೈರಾಯ್ಡ್ ಇರುವವರಿಗೆ ತೀವ್ರ ಜ್ವರ, ಅತಿ ವೇಗದ ಹೃದಯ ಬಡಿತ, ಗೊಂದಲ ಕಂಡರೂ ಹಾಗೆಯೇ. ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಗಂಟಲು ನೋವಿನ ಜೊತೆ ಜ್ವರ ಬಂದರೆ ಅದನ್ನು ಮಾಮೂಲಿ ಶೀತ ಎಂದುಕೊಳ್ಳಬಾರದು. ಬಿಳಿ ರಕ್ತಕಣ ಕುಸಿದಿರುವ ಸಾಧ್ಯತೆ ಇರುವುದರಿಂದ ಮಾತ್ರೆ ನಿಲ್ಲಿಸಿ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು.

ಥೈರಾಯ್ಡ್ ಸರಿಪಡಿಸಬಹುದಾದ ಕಾಯಿಲೆ. ದಿನಕ್ಕೊಂದು ಸಣ್ಣ ಮಾತ್ರೆ, ಸರಿಯಾದ ಹೊತ್ತು, ವರ್ಷಕ್ಕೊಂದು ಪರೀಕ್ಷೆ ಸಾಕು. ಮುಂದಿನ ಸಲ ಉಮ್ಮನನ್ನೋ ಉಪ್ಪನನ್ನೋ ಶುಗರ್ ಚೆಕಪ್‌ಗೆ ಕರೆದುಕೊಂಡು ಹೋಗುವಾಗ ಮಕ್ಕಳು ವೈದ್ಯರಲ್ಲಿ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ಆಯಿತು: 'ಇವರಿಗೆ ಟಿಎಸ್‌ಎಚ್ ಒಮ್ಮೆ ನೋಡಬೇಕಾ?'